ಅಧಿಕಾರವುಳ್ಳ ಸಿಬ್ಬಂದಿಯಿಂದಲೇ ಗೋಪ್ಯ ಮಾಹಿತಿ ಸೋರಿದರೆ ತಡೆಯುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಇಲಾಖೆಯೊಂದರ ಗಣಕ ವಿಭಾಗದಲ್ಲಿದ್ದೇನೆ. ಹೊರಗಿನ ದಾಳಿ ತಡೆಯಲು ಫೈರ್‌ವಾಲ್ ಇದೆ. ಆದರೆ ಕಡತ ನೋಡುವ ಅಧಿಕಾರವಿರುವವರೇ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ಅಥವಾ ಸ್ವಂತ ಇಮೇಲ್‌ಗೆ ಕಳುಹಿಸಿಕೊಂಡರೆ ತಡೆಯುವ ದಾರಿ ಯಾವುದು? ಡಿಎಲ್‌ಪಿ ತಂತ್ರಾಂಶ (ಗೋಪ್ಯ ಮಾಹಿತಿ ಹೊರಹೋಗುವುದನ್ನು ಗುರುತಿಸಿ ತಡೆಯುವಂಥದ್ದು) ಸಾಕೇ?

ಉತ್ತರ 1: ಅದೊಂದೇ ಸಾಲದು. ಯಾವ ಮಾಹಿತಿ ಗೋಪ್ಯ ಎಂದು ಇಲಾಖೆ ಮೊದಲು ವರ್ಗೀಕರಿಸದಿದ್ದರೆ, ಆ ತಂತ್ರಾಂಶವು ಮುಖ್ಯವಾದುದನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಪ್ರತಿ ಪತ್ರಕ್ಕೂ ಎಚ್ಚರಿಕೆ ಕೊಟ್ಟು ಕೊನೆಗೆ ಯಾರೂ ಅದನ್ನು ಗಮನಿಸದಂತಾಗುತ್ತದೆ.

ಉತ್ತರ 2: ಸೋರಿಕೆಗೆ ದುರುದ್ದೇಶವೇ ಬೇಕೆಂದಿಲ್ಲ. 2007ರಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆಯು ಸುಮಾರು 2.5 ಕೋಟಿ ಜನರ ವಿವರಗಳಿದ್ದ ಎರಡು ಡಿಸ್ಕ್‌ಗಳನ್ನು ಸರ್ಕಾರಿ ಲೆಕ್ಕಪರಿಶೋಧಕರಿಗೆ ಕಳುಹಿಸುವಾಗ ಸಾಗಣೆಯಲ್ಲಿ ಕಳೆದುಕೊಂಡಿತು. ಅವುಗಳಿಗೆ ಪಾಸ್‌ವರ್ಡ್ ಇತ್ತು, ಗೂಢಲಿಪೀಕರಣ (ಕೀಲಿ ಇಲ್ಲದವರು ಓದಲಾಗದಂತೆ ಮಾಹಿತಿಯನ್ನು ಮಾರ್ಪಡಿಸುವುದು) ಇರಲಿಲ್ಲ. ಬ್ಯಾಂಕ್ ವಿವರ ಬೇಡವೆಂದು ಆ ಲೆಕ್ಕಪರಿಶೋಧಕರೇ ಹೇಳಿದ್ದರೂ ಅದನ್ನು ತೆಗೆದಿರಲಿಲ್ಲ ಎಂಬುದೇ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಉತ್ತರ 3: ವರ್ಗಾವಣೆಯಾದವರ ಹಳೆಯ ಪ್ರವೇಶಾಧಿಕಾರವನ್ನು ಅಂದೇ ರದ್ದುಪಡಿಸಿ, ಬಹುತೇಕ ಕಚೇರಿಗಳು ಮರೆಯುವುದು ಇದನ್ನೇ. ಯಾರು ಏನನ್ನು ತೆರೆದರು ಎಂಬ ದಾಖಲೆಯನ್ನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಕೂಡ ಅಳಿಸಲಾಗದ ಬೇರೆ ಸರ್ವರ್‌ನಲ್ಲಿಡಿ. ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆಯುವುದನ್ನು ಯಾವ ತಂತ್ರಾಂಶವೂ ಪೂರ್ತಿ ತಡೆಯದು. ಪರದೆಯ ಮೇಲೆ ಬಳಕೆದಾರರ ಹೆಸರಿನ ವಾಟರ್‌ಮಾರ್ಕ್ ಇದ್ದರೆ ಮೂಲವಾದರೂ ಪತ್ತೆಯಾಗುತ್ತದೆ.