ನೇರಳೆ ಮರದ ಕೆಳಗಿನ ಬೀಜ: ತಿಂದವರು ಯಾರು, ಮೊಳಕೆ ಪರೀಕ್ಷೆ ಹೆಂಗ? (ಖಾನಾಪುರ)

ಜಾಂಬೋಟಿ ಬದಿ:
ಜಾಂಬೋಟಿ ಹತ್ತಿರ ಮಾಲ್ಕಿ ಜಮೀನಿನ ಅಂಚಿಗೆ ಹತ್ತು ನೇರಳೆ ಮರ ಅದಾವ. ಹಗಲಿಗೆ ಮಂಗ್ಯಾ, ಮುಸುವ, ಕೆಂಜಳಿಲು (ಮರಾಠಿಯವರ ಶೇಕರು). ರಾತ್ರಿ ಪುನುಗು ಬೆಕ್ಕು, ಬಾವಲಿ. ಬುಡದಾಗ ಕೆಲವು ಬೀಜ ಇಡಿಯಾಗಿ, ಕೆಲವು ಕಚ್ಚಿದ್ದು ಸಿಗತಾವ. ಯಾವುದು ಯಾರದು ಅಂತ ಗುರ್ತು ಹಿಡಿಯೂದು ಹೆಂಗ? ಹಿಕ್ಕೆಯೊಳಗಿಂದ ಬಂದ ಬೀಜ ಚೊಲೊ ಹುಟ್ಟತಾವ ಅಂತಾರ. ಶಾಲೆ ಮಕ್ಕಳ ಜೊತಿ ಪರೀಕ್ಷೆ ಮಾಡಬೇಕಂದ್ರ ಎಷ್ಟು ಬೀಜ ಬೇಕು?

ಕಣಕುಂಬಿ ಕಾಡು:
ಬುಡದಾಗಿನ ಬೀಜಕ್ಕಿಂತ ಬುಡದಿಂದ ದೂರ ಇರೂ ಬೀಜ ನೋಡ್ರಿ, ಬಿತ್ತನೆ ಆಗೂದು ಅಲ್ಲೇ. ಮಂಗ್ಯಾನ ಕೆನ್ನಿಯೊಳಗ ಚೀಲ ಐತಿ; ಹಣ್ಣು ತುಂಬಕೊಂಡು ಬ್ಯಾರೆ ಮರಕ್ಕ ಹೋಗಿ, ತಿರುಳು ಚೀಪಿ ಬೀಜ ಉಗಳತದ. ಹಂಗಾಗಿ ಇಡಿ ಬೀಜ ಒಂದೊಂದಾಗಿ ಚದುರಿರತಾವ. ಮುಸುವಕ್ಕ ಈ ಚೀಲ ಇಲ್ಲ. ಅದರ ಹೊಟ್ಟಿ ಎಲಿ ಹುದುಗಿಸಿ ಅರಗಿಸೂ ಹೊಟ್ಟಿ. ಕಾಯಿ ಇದ್ದಾಗಲೇ ತಿಂದು ಬೀಜ ಅಗದು ಹಾಳು ಮಾಡೂದೇ ಹೆಚ್ಚು. ಕೆಂಜಳಿಲು ಕಡಿದ ಬೀಜದ ಮ್ಯಾಲೆ ಉಳಿಯಿಂದ ಕೆತ್ತಿದಂಗ ಜೋಡಿ ಗೆರಿ ಕಾಣತಾವ. ನೇರಳೆ ಅಲ್ಲದ ಮರದ ಕೆಳಗ ಬೀಜದ ಜೊತಿ ಒಣ ನಾರಿನ ಚಪ್ಪಟೆ ಉಂಡಿ ಸಿಕ್ಕರ ಅದು ಬಾವಲಿ ರಸ ಹೀರಿ ಉಗಳಿದ್ದು. ಪುನುಗು ಹಣ್ಣು ಇಡಿಯಾಗಿ ನುಂಗತದ. ಅದರ ಹಿಕ್ಕೆ ಬಂಡಿಗಲ್ಲು, ಬಿದ್ದ ಮರದ ದಿಮ್ಮಿ ಮ್ಯಾಲೆ ಹುಡುಕ್ರಿ. ನೆಲದಾಗ ದೊಡ್ಡ ಗುಪ್ಪಿ ಇದ್ದರ ಕರಡಿದು. ನಸುಕಿನ್ಯಾಗ, ಸಂಜಿಮುಂದ ಮಕ್ಕಳನ್ನ ಅಲ್ಲಿಗೆ ಕರಕೊಂಡು ಹೋಗಬ್ಯಾಡ್ರಿ.

ಸಸಿಮಡಿ:
ಪರೀಕ್ಷೆಗೆ ಮೂರು ಗುಂಪು ಬೇಕೇ ಬೇಕು: ಹಿಕ್ಕೆಯಿಂದ ಬಂದ 50 ಬೀಜ, ಕೈಯಿಂದ ತಿರುಳು ತೆಗೆದ 50, ತಿರುಳು ಸಮೇತ 50 ಹಣ್ಣು. ಬಹಳ ಮಂದಿ ನಡುವಿನ ಗುಂಪನ್ನು ಬಿಟ್ಟುಬಿಡುತ್ತಾರೆ. ಆಗ ಲಾಭ ಆದದ್ದು ಹೊಟ್ಟೆಯಿಂದಲೋ, ಬರೀ ತಿರುಳು ಹೋಗಿದ್ದರಿಂದಲೋ ತಿಳಿಯುವುದೇ ಇಲ್ಲ. ತಿರುಳು ಉಳಿದರೆ ಬೂಸ್ಟು ಹಿಡಿದು ಬೀಜ ಕೊಳೆಯುತ್ತದೆ. ಕೈಯಿಂದ ತೆಗೆಯುವ ಬೀಜ ಒಂದೇ ಮರದ್ದಾಗದಿರಲಿ, ಐದಾರು ಮರದ್ದು ಕಲಸಿ.

ನೇರಳೆ ಬೀಜ ಒಣಗಿದರೆ ಸಾಯುತ್ತದೆ. ಬಿಸಿಲಿಗೆ ಹರವಬೇಡಿ, ಡಬ್ಬಿಯಲ್ಲಿ ಕೂಡಿಡಬೇಡಿ. ಎರಡು ದಿನದೊಳಗೆ ಸುಮಾರು 2 ಸೆಂ.ಮೀ. ಆಳಕ್ಕೆ ಊರಿ, ನೆರಳಿನಲ್ಲಿಟ್ಟು, 60 ದಿನ ನೋಡಿ. ಹಳೆಯ ಹಿಕ್ಕೆಯ ಬೀಜ ಬೇಡ. ಅದು ಹುಟ್ಟದಿದ್ದರೆ ತಪ್ಪು ಪುನುಗಿನದಲ್ಲ, ಬಿಸಿಲಿನದು. ಇನ್ನೊಂದು: ಒಂದೇ ನೇರಳೆ ಬೀಜದಿಂದ ಎರಡು ಮೂರು ಸಸಿ ಏಳುವುದುಂಟು. ಸಸಿ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಮೊಳೆತ ಬೀಜ ಎಣಿಸಿ.

ಜಾಂಬೋಟಿ ಬದಿ:
ಅತ್ತಿ ಹಣ್ಣಿಗೂ ಇದೇ ಪದ್ಧತಿ ನಡೀತದೇನ್ರಿ?

ಸಸಿಮಡಿ:
ಗುಂಪು ಅವೇ ಮೂರು, ಬಿತ್ತುವ ಕ್ರಮ ಬೇರೆ. ಅತ್ತಿ ಬೀಜ ಸಾಸಿವೆಗಿಂತ ಸಣ್ಣದು, ಮೊಳೆಯಲು ಬೆಳಕು ಬೇಕು. ಹೂಳಬೇಡಿ, ಒದ್ದೆ ಮರಳಿನ ಮೇಲೆ ಉದುರಿಸಿ, ಗಾಜು ಮುಚ್ಚಿ, ಕುಂಡದ ತಳದಿಂದ ನೀರು ಕೊಡಿ. ಮೊದಲು ನೀರಿಗೆ ಹಾಕಿ ತೇಲಿದ್ದನ್ನು ತೆಗೆಯಿರಿ, ಅವುಗಳಲ್ಲಿ ಬಹಳಷ್ಟು ಕಣಜದ ಹುಳು ಒಳಗೆ ಬೆಳೆದು ಹೊರಬಿದ್ದ ಟೊಳ್ಳು ಬೀಜ.

ಕಣಕುಂಬಿ ಕಾಡು:
ಮಾಲ್ಕಿ ಜಮೀನಿನ ಮರಗಳಷ್ಟೇ ಸಾಕು. ನಮ್ಮ ಖಾನಾಪುರ ತಾಲೂಕಿನ ಭೀಮಗಡ ಕಾಡು 2011ರಿಂದ ಅಭಯಾರಣ್ಯ. ಅದರೊಳಗಿಂದ ಹಣ್ಣಾಗಲಿ ಹಿಕ್ಕೆಯಾಗಲಿ ತರಬೇಕಂದ್ರ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲ ತಗೋರಿ.