ಅಪ್‌ಡೇಟ್: ಎರಡಡಿ ಟ್ಯಾಂಕಿಗೆ ಎಷ್ಟು ಮೀನು ಅಂತ ಕೇಳಿದ್ದೆನಲ್ಲ

24 ಇಂಚು ಉದ್ದ, 12 ಅಗಲ, 12 ಎತ್ತರದ ಟ್ಯಾಂಕಲ್ಲಿ 4 ಗೋಲ್ಡ್‌ಫಿಶ್, 6 ನಿಯಾನ್ ಟೆಟ್ರಾ ಇವೆ, ಇನ್ನೂ ನಾಲ್ಕು ಬಿಡಬಹುದಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ನೀವೆಲ್ಲ ಬೇಡ ಅಂದಿರಿ. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ಎರಡು ಗಂಡು ಗಪ್ಪಿ ತಂದಾಗಿತ್ತು.

ಮೊದಲು ನೀರು ಅಳೆದೆ. ಲೆಕ್ಕಕ್ಕೆ 56 ಲೀಟರ್, ಆದರೆ ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದು ಬಕೆಟ್ಟಲ್ಲಿ ಅಳೆದರೆ ಸಿಕ್ಕಿದ್ದು 45, ಅಂದರೆ ಸುಮಾರು 12 ಅಮೆರಿಕನ್ ಗ್ಯಾಲನ್. ಗ್ಯಾಲನ್‌ಗೆ ಒಂದು ಇಂಚು ಮೀನು ಅನ್ನೋ ಹಳೇ ಸೂತ್ರ ಹಿಡಿದರೂ 12 ಇಂಚು ಅಷ್ಟೇ. ಅಂಗಡಿಯಲ್ಲಿ ಎರಡು ಇಂಚು ಇದ್ದ ಗೋಲ್ಡ್‌ಫಿಶ್ ಆರೆಂಟು ಇಂಚು ಬೆಳೆಯುತ್ತದೆ, ಗಲೀಜೂ ಜಾಸ್ತಿ, ಬಾಯಿಗೆ ಹಿಡಿದರೆ ಟೆಟ್ರಾನೂ ನುಂಗುತ್ತದೆ. ಇದನ್ನು ಮಾರುವಾಗ ಯಾರೂ ಹೇಳಲ್ಲ, ಅಲ್ವಾ?

ಗಪ್ಪಿ ಬಿಟ್ಟ ವಾರಕ್ಕೆ ಅಮೋನಿಯಾ (ಮೀನಿನ ಗಲೀಜಿಂದ ನೀರಿಗೆ ಸೇರೋ ವಿಷ) ಟೆಸ್ಟ್ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ, ತೋರಿಸಿತು, ಇರಬೇಕಾದ್ದು ಸೊನ್ನೆ. ಊಟ ಕಡಿಮೆ ಮಾಡಿ, ದಿನಾ ಕಾಲು ಭಾಗ ನೀರು ಬದಲಿಸಿದೆ, ಕ್ಲೋರಿನ್ ತೆಗೆದ ನೀರೇ ಹಾಕಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಿದ್ದೆ, ಅಮೋನಿಯಾ ತೆಗೆಯೋ ಒಳ್ಳೆ ಬ್ಯಾಕ್ಟೀರಿಯಾ ನಲ್ಲಿ ನೀರಿನ ಕ್ಲೋರಿನ್‌ಗೆ ಸಾಯೋದು ಅದಕ್ಕೇ ಅಂತ ನೀವು ಹೇಳಿದ ಮೇಲೆ ಗೊತ್ತಾಯಿತು. ಈಗ ಟ್ಯಾಂಕಿನದೇ ನೀರಲ್ಲಿ ಹಿಂಡುತ್ತೇನೆ.

ನಾಲ್ಕೂ ಗೋಲ್ಡ್‌ಫಿಶ್ ಚಿಕ್ಕಮ್ಮನ ಹಿತ್ತಲಿನ ದೊಡ್ಡ ಸಿಮೆಂಟ್ ತೊಟ್ಟಿಗೆ ಹೋದವು. ಸೊಳ್ಳೆಮರಿ ತಿಂದುಕೊಂಡು ಆರಾಮಾಗಿವೆ. ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಈಗ 6 ಟೆಟ್ರಾ, 2 ಗಪ್ಪಿ, ಅಮೋನಿಯಾ ಸೊನ್ನೆ. ಇನ್ನೆರಡು ವಾರ ಹೀಗೇ ಇದ್ದರೆ ನಾಲ್ಕು ಟೆಟ್ರಾ ಸೇರಿಸಿ ನಿಲ್ಲಿಸುತ್ತೇನೆ.