ಫಾಲ್ಸ್ ಪಾಸಿಟಿವ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಒಂದು ಇಮೇಲ್ ತಂತ್ರಾಂಶದ ಮೆನು, ಬಟನ್, ಸಹಾಯಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲ ಮುಗಿದು ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನೆಟ್ಟಗಿರುವ ಕಾಗದವನ್ನೇ ಫಿಲ್ಟರ್ ಸ್ಪ್ಯಾಮ್ (ಬೇಡದ ಕಸದ ಪತ್ರ) ಎಂದು ಹಿಡಿದು ಹಾಕಿದರೆ ಫಾಲ್ಸ್ ಪಾಸಿಟಿವ್ ಅನ್ನುತ್ತಾರಲ್ಲ, ಅದಕ್ಕೊಂದು ಪದ ಬೇಕು. ಹಿಂದಿನ ಅನುವಾದಕರು "ಮಿಥ್ಯಾ ಧನಾತ್ಮಕ" ಎಂದು ಹಾಕಿ ಹೋಗಿದ್ದಾರೆ. ಅನುವಾದಕಿಯಾದ ನನಗೇ ಎರಡು ಸಲ ಓದಬೇಕಾಯಿತು. ಬಟನ್ ಮೇಲೆ ಹೆಚ್ಚೆಂದರೆ ಎರಡು ಪದ ಹಿಡಿಸುತ್ತದೆ, ಸಹಾಯಪುಟದ ಶೀರ್ಷಿಕೆಯಲ್ಲಿ ಸ್ವಲ್ಪ ಉದ್ದವಾದರೂ ನಡೆಯುತ್ತದೆ. ಹನ್ನೊಂದು ಗಂಟೆಗೆ ಕಡತ ಕಳಿಸಬೇಕು. ದಯವಿಟ್ಟು ಪದ ಕೊಡಿ, ಪಾಠ ಬೇಡ.
ಸು.

ಹುಸಿ ಸ್ಪ್ಯಾಮ್. "ಹುಸಿ ಬಾಂಬ್ ಕರೆ" ಅಂತ ಪೇಪರಿನವರು ಬರೀತಾನೇ ಇರ್ತಾರೆ. ಬಾಂಬ್ ಇರಲ್ಲ, ಇದೆ ಅಂತ ಗದ್ದಲ ಆಗಿರುತ್ತೆ. ಇಲ್ಲೂ ಅಷ್ಟೇ. ಮುಗೀತು.
ಗಿ.

ಮುಗಿಯಲಿಲ್ಲ. ಹುಸಿ ಎಂದರೆ ಸುಳ್ಳು, ಸುಳ್ಳಿಗೆ ಆಡಿದವನೊಬ್ಬ ಇರಬೇಕು. ಬಾಂಬ್ ಕರೆಯಲ್ಲಿ ಫೋನ್ ಮಾಡಿದವನಿದ್ದಾನೆ. ಫಿಲ್ಟರ್ ತಪ್ಪಿದೆಯೇ ಹೊರತು ಹುಸಿಯಾಡಿಲ್ಲ. "ತಪ್ಪು ಗುರುತು" ಎಂದು ಹಾಕಿ ಸು. ಅವರೇ.
ವಾ.

ಹಾಗಾದರೆ ಹುಸಿ ಹೆರಿಗೆ ನೋವಿನಲ್ಲಿ ಸುಳ್ಳು ಹೇಳೋರು ಯಾರು ಸರ್, ಮಗುವೇ?
ಗಿ.

ಸ್ಪ್ಯಾಮ್, ಪಿಲ್ಟರ್, ಮಿತ್ಯಾ, ದನಾತ್ಮಕ. ನಾಲ್ಕರಲ್ಲಿ ಒಂದೂ ಕನ್ನಡದ್ದಲ್ಲ, ಅದರ ಮೇಲೆ ಹುಸಿಯೋ ತಪ್ಪೋ ಎಂಬ ಜಗಳ ಬೇರೆ. ಇಮೇಲಿಗೆ ಮಿಂಚೆ ಇದೆ. ಸ್ಪ್ಯಾಮಿಗೆ ಕಸಮಿಂಚೆ, ಪಿಲ್ಟರಿಗೆ ಸೋಸುಕ, ನೀವು ಕೇಳಿದ್ದಕ್ಕೆ ತಪ್ಪುಸೆರೆ. ಎಶ್ಟು ಸುಲಬ ನೋಡಿ.
ಚೆ.

ಧನದ ಮಹಾಪ್ರಾಣ ಕಿತ್ತರೆ ದನ ಉಳಿಯುತ್ತದೆ. ದನಾತ್ಮಕಕ್ಕೆ ಹುಲ್ಲು ಹಾಕುವವರು ಯಾರು? ತಪ್ಪುಸೆರೆ ಎಂದರೆ ಜನ ವಕೀಲರನ್ನು ಹುಡುಕುತ್ತಾರೆ.
ವಾ.

ಪದ ಕಟ್ಟುವ ಮೊದಲು ವಸ್ತು ನೋಡಿ. ಇಲ್ಲಿ ಪಾಸಿಟಿವ್ ಎಂದರೆ ಧನವೂ ಅಲ್ಲ, ಒಳ್ಳೆಯದೂ ಅಲ್ಲ. ಹುಡುಕುತ್ತಿದ್ದುದು ಸಿಕ್ಕಿತು ಎಂದಷ್ಟೇ. 2020ರಲ್ಲಿ "ಪಕ್ಕದ ಮನೆಯವರಿಗೆ ಪಾಸಿಟಿವ್" ಎಂದಾಗ ಹಳ್ಳಿಯ ಅಜ್ಜಿಗೂ ಇದು ತಿಳಿದಿತ್ತು. ಫಿಲ್ಟರ್ ಮಾಡುವುದು ಅಂಕ ಹಾಕುವ ಕೆಲಸ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರ್‌ನಲ್ಲಿ ಒಂದೊಂದು ಲಕ್ಷಣಕ್ಕೂ ಇಂತಿಷ್ಟು ಅಂಕ, ನಾವಾಗಿ ಬದಲಿಸದಿದ್ದರೆ ಮೊತ್ತ 5 ಮುಟ್ಟಿದಾಗ ಸ್ಪ್ಯಾಮ್. ಯಾವುದೋ ತಜ್ಞರು ತಮ್ಮ ಹುದ್ದೆಯನ್ನು ಇಂಗ್ಲಿಷಿನಲ್ಲಿ ಸ್ಪೆಷಲಿಸ್ಟ್ ಎಂದು ಬರೆದರೆ, ಆ ಪದದ ಹೊಟ್ಟೆಯಲ್ಲಿ ಸ್ಪ್ಯಾಮ್‌ನಲ್ಲಿ ಪದೇ ಪದೇ ಬರುವ ಸಿಯಾಲಿಸ್ ಎಂಬ ಮಾತ್ರೆಯ ಹೆಸರು ಅಕ್ಷರಕ್ಕೆ ಅಕ್ಷರ ಕೂತಿದೆ. ಪದದ ಗಡಿ ನೋಡದ ಫಿಲ್ಟರ್‌ಗೆ ಕಾಣುವುದು ಅದೇ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಖಾತೆ ತೆರೆಯಲಾಗದೆ ಹೋದದ್ದು ಊರಿನ ಹೆಸರಿನೊಳಗೆ ಹೀಗೇ ಒಂದು ಬೈಗುಳ ಅಡಗಿದ್ದರಿಂದ. 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಪದಗಳ ಎಣಿಕೆಯಿಂದ ಸ್ಪ್ಯಾಮ್ ಹಿಡಿಯುವ ದಾರಿ ಬರೆದಾಗ, ಒಳ್ಳೆಯ ಪತ್ರಗಳಲ್ಲಿ ಕಂಡ ಪದಗಳ ಎಣಿಕೆಯನ್ನು ಬೇಕೆಂದೇ ಎರಡು ಪಟ್ಟು ಮಾಡಿದ್ದರು. ನಾಲ್ಕು ಸ್ಪ್ಯಾಮ್ ಒಳಗೆ ಬಂದರೂ ಚಿಂತೆಯಿಲ್ಲ, ಬೇಕಾದ ಒಂದು ಪತ್ರ ಕಳೆಯಬಾರದು ಎಂಬ ಲೆಕ್ಕ. ನೀವು ಹಾಕುವ ಪದ ಪತ್ರದ ಮೇಲೆ ಗೂಬೆ ಕೂರಿಸಬಾರದು. "ಹುಸಿ ಸ್ಪ್ಯಾಮ್" ಕೂರಿಸುತ್ತದೆ.
ಶ್ರೀ.

ಮೊರ ಹಿಡಿದವರು ಇಲ್ಲಿ ಯಾರೂ ಇಲ್ಲವೇನೋ. ಕಣದಲ್ಲಿ ರಾಗಿ ತೂರುವಾಗ ಗಾಳಿ ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ. ಅಮ್ಮ ಆ ಹೊಟ್ಟಿನ ರಾಶಿಯನ್ನು ಇನ್ನೊಮ್ಮೆ ಕೇರದೆ ಬಿಡುತ್ತಿರಲಿಲ್ಲ. ನಿಮ್ಮ ಫಾಲ್ಸ್ ಪಾಸಿಟಿವ್ ಎಂದರೆ ಹೊಟ್ಟಿಗೆ ಹೋದ ಕಾಳು. ಸ್ಪ್ಯಾಮ್ ತಪ್ಪಿಸಿಕೊಂಡು ಒಳಗೆ ಬಂದರೆ ಅದು ಅನ್ನದಲ್ಲಿ ಸಿಕ್ಕ ಕಲ್ಲು. ಎರಡಕ್ಕೂ ಮಾತು ಸಿಕ್ಕಿತು.
ನಿಂ.

ಬಟನ್ ಮೇಲೆ ಕಾಳು ಹಾಕಿದರೆ ಕೋಳಿ ಒತ್ತುತ್ತೆ.
ಗಿ.

ರದ್ದಿ ಅನ್ರಿ, ಸಾಕು. ರದ್ದಿಯೊಳಗ ಹೋದ ಕಾಗದ. ನಮ್ಮ ಮನ್ಯಾಗ ಕರೆಂಟ್ ಬಿಲ್ ಹಂಗ ಹೋಗಿತ್ತು, ರದ್ದಿಯವನ ಗಾಡಿ ಬೆನ್ನತ್ತಿ ತಂದೇವಿ.
ಬ., ಧಾರವಾಡ

ರದ್ದಿ ಅರಬ್ಬಿಯಿಂದ ಬಂದದ್ದು.
ಚೆ.

ಕಾಗದನೂ ಫಾರ್ಸಿಯಿಂದ ಬಂದದ್ರೀ. ಅದನ್ನೂ ಬಿಡೋಣೇನು?
ಬ.

ಓಲೆ ಇದೆಯಲ್ಲ.
ಚೆ.

ಓಲೆ ನಮ್ಮಾಕಿ ಕಿವಿಯಾಗ ಐತ್ರಿ.
ಬ.

ಓಲೆ ತಮಿಳಿನಲ್ಲೂ ಇದೆ, ಬಿಡಿ. ಆದರೆ ಚೆ. ಅವರು ಹೆಮ್ಮೆಪಡುವ ಮಿಂಚೆಯಲ್ಲಿರುವ ಅಂಚೆ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ, ಸಂಸ್ಕೃತದ ತದ್ಭವ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದು ಹಂಸ. ಅಲ್ಲಿಂದಲೇ ಪತ್ರದ ಅಂಚೆ. ಸಂಸ್ಕೃತ ಬೇಡವೆಂದು ಕಟ್ಟಿದ ಪದದ ಹೊಟ್ಟೆಯಲ್ಲಿ ಸಂಸ್ಕೃತದ ಹಕ್ಕಿ ಕೂತಿದೆ!
ವಾ.

ಕೇಳೋಕೆ ಚೆನ್ನಾಗಿದೆ, ಅಷ್ಟೇ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ಅಂಚೆ ಶುರು ಮಾಡಿದ್ದು ಓಲೆಕಾರರನ್ನು ಓಡಿಸಿ, ಹಕ್ಕಿ ಹಾರಿಸಿ ಅಲ್ಲ. ತಿರುವಾಂಕೂರಿನವರೂ ತಮ್ಮ ಟಪಾಲನ್ನು ಅಂಚಲ್ ಅಂತಿದ್ದರು. ಅಲ್ಲೂ ಹಂಸ ಹಾರಿತ್ತೇ?
ಗಿ.

ಹಂಸವನ್ನು ಬಿಡಿ ಪುಣ್ಯಾತ್ಮರೇ, ಬೆಳಗಾಯಿತು. ರಾತ್ರಿ ಎಲ್ಲ ಪದಗಳನ್ನೂ ಒಂದೊಂದಾಗಿ ಬಟನ್‌ನಲ್ಲಿ ಕೂರಿಸಿ ನೋಡಿದೆ. ಈ ಬಟನ್ ಒತ್ತುವವರು ನನ್ನ ಚಿಕ್ಕಮ್ಮನಂಥವರು. ಮಗನ ಕಾಲೇಜಿನಿಂದ ಬಂದ ಫೀಸಿನ ಪತ್ರ ಹನ್ನೆರಡು ದಿನ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು, ದಂಡ ಕಟ್ಟಿದರು. ಅವರಿಗೆ ಆ ಸ್ಥಿತಿಯ ಹೆಸರು ಕಟ್ಟಿಕೊಂಡು ಏನಾಗಬೇಕು? ಹಾಗಾಗಿ ಬಟನ್ ಮೇಲೆ "ಸ್ಪ್ಯಾಮ್ ಅಲ್ಲ". ಶೀರ್ಷಿಕೆಗೆ "ತಪ್ಪಾಗಿ ಸ್ಪ್ಯಾಮ್ ಸೇರಿದ ಪತ್ರಗಳು". ಶ್ರೀ. ಅವರ ಮಾತು ಸರಿ, ಇದರಲ್ಲಿ ತಪ್ಪು ಪತ್ರದ ಮೇಲೆ ಬರುವುದಿಲ್ಲ. ನಿಂ. ಅವರೇ, ನಿಮ್ಮ ಕಾಳನ್ನು ಸಹಾಯಪುಟದ ಮೊದಲ ಸಾಲಿನಲ್ಲೇ ಇಟ್ಟಿದ್ದೇನೆ: "ಹೊಟ್ಟಿನಲ್ಲಿ ಕಾಳು ಹೋಗಿದೆಯೇ ಎಂದು ಆಗಾಗ ನೋಡಿ, 30 ದಿನವಾದ ಸ್ಪ್ಯಾಮ್ ತಾನಾಗಿ ಅಳಿಯುತ್ತದೆ." ಪರಿಶೀಲಕರು ಹೊಡೆದುಹಾಕದಿದ್ದರೆ ಉಳಿಯುತ್ತದೆ. ಎಲ್ಲರಿಗೂ ಥ್ಯಾಂಕ್ಸ್.
ಸು.

ಪದ ಎಂದು ಕೇಳಿ ವಾಕ್ಯ ತೆಗೆದುಕೊಂಡು ಹೋದಿರಿ. ಕನ್ನಡದಲ್ಲಿ ಪದ ಕಟ್ಟುವುದೇ ಬೇಡವೆಂದಾಯಿತು.
ಚೆ.

"ಸ್ಪ್ಯಾಮ್ ಅಲ್ಲ" ಎರಡು ಪದ, ಎಣಿಸಿ. ಗಿ. ಅವರೇ, ತಿರುವಾಂಕೂರಿನ ವಿಷಯಕ್ಕೆ ಬರುತ್ತೇನೆ, ಸಂಜೆ ಬಿಡುವಿದೆ.
ವಾ.